ಬೇಸ್‌ಮೆಂಟ್ ಗುಂಡಿಯ ಗೋಡೆ ಹಿಡಿದು ನಿಲ್ಲಿಸುವುದು ಯಾರ ಕೆಲಸ?

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥದ್ದೊಂದು ಜಾಗ ಕಣ್ಣಿಗೆ ಬೀಳುತ್ತದೆ. ಸುತ್ತ ತಗಡಿನ ಬೇಲಿ, ಒಳಗೆ ಎರಡು ಮಹಡಿ ಆಳದ ಕೆಂಪು ಗುಂಡಿ, ಗುಂಡಿಯ ಅಂಚಿಗೇ ಪಕ್ಕದ ಮನೆಯ ಕಾಂಪೌಂಡ್. ಮಳೆ ಜೋರಾದರೆ ಆ ಮನೆಯವರಿಗೆ ನಿದ್ದೆ ಬರುವುದಿಲ್ಲ. ಗುಂಡಿಯ ಬದಿ ಕುಸಿಯದಂತೆ ಆಸರೆ ಕೊಡುವುದಕ್ಕೆ ಶೋರಿಂಗ್ ಅನ್ನುತ್ತಾರೆ. ಅದನ್ನು ಯಾರು, ಯಾವಾಗ, ಯಾರ ಖರ್ಚಿನಲ್ಲಿ ಮಾಡಬೇಕು ಅನ್ನುವುದು ಇವತ್ತಿಗೂ ಗೋಜಲಾಗಿಯೇ ಇದೆ.

ನೆಲ ಅಗೆಯುವುದು ನಮಗೆ ಹೊಸದಲ್ಲ. ಬಾವಿ ತೋಡುವವರು ಹಿಂದಿನಿಂದಲೂ ಗುಂಡಿಯನ್ನು ದುಂಡಗೆ ತೋಡಿದ್ದಾರೆ. ದುಂಡಗಿದ್ದರೆ ಸುತ್ತಲಿನ ಮಣ್ಣು ಕಮಾನಿನ ಹಾಗೆ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತದೆ. ಕಟ್ಟಡದ ಚೌಕ ಗುಂಡಿಗೆ ಆ ಅನುಕೂಲ ಇಲ್ಲ. 1902ರಲ್ಲಿ ಬರ್ಲಿನ್‌ನ ಸುರಂಗ ರೈಲು ಶುರುವಾದ ಕಾಲದಲ್ಲಿ ಕಬ್ಬಿಣದ ತೊಲೆ ನೆಟ್ಟು ನಡುವೆ ಹಲಗೆ ಕೂರಿಸುವ ಪದ್ಧತಿ ಬೆಳೆಯಿತು. 1950ರ ಸುಮಾರಿಗೆ ಇಟಲಿಯಲ್ಲಿ ಬೆಂಟೊನೈಟ್ ಜೇಡಿಯ ಕೆಸರು ತುಂಬಿದ ಕಂದಕದಲ್ಲೇ ಕಾಂಕ್ರೀಟ್ ಗೋಡೆ ಎರೆಯುವುದು ಬಂತು. 1972ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಹತ್ತಿರ ರೈಲು ಹಾದಿಯ ಬದಿಯನ್ನು, ಮಣ್ಣಿಗೆ ಸರಳು ಚುಚ್ಚಿ ನಿಲ್ಲಿಸಿದರು. ಈಗ ನಮ್ಮ ದೊಡ್ಡ ಸೈಟುಗಳಲ್ಲಿ ಕಾಣುವ ಸಾಯಿಲ್ ನೇಲಿಂಗ್ ಅದೇ ಜಾತಿಯದು.

ಬೆಂಗಳೂರಿಗೆ ಬಹಳ ಕಾಲ ಇದರ ಅಗತ್ಯವೇ ಬೀಳಲಿಲ್ಲ. ಮೂರ್ನಾಲ್ಕು ಅಡಿ ಪಾಯ, ಸುತ್ತ ಬೇಕಾದಷ್ಟು ಜಾಗ. ಆಮೇಲೆ ಕಾರುಗಳು ಹೆಚ್ಚಾದವು, ಪಾರ್ಕಿಂಗ್ ನೆಲದಡಿಗೆ ಇಳಿಯಿತು. ಸೈಟಿನ ಬೆಲೆ ಏರಿದಂತೆ ಇಳಿಜಾರು ಬಿಟ್ಟು ಅಗೆಯಲು ಯಾರಿಗೂ ಮನಸ್ಸು ಬರಲಿಲ್ಲ.

ಇಲ್ಲಿ ನಮ್ಮ ಕೆಂಪು ಮಣ್ಣಿನ ಗುಣ ತಿಳಿದಿರಬೇಕು. ಫೆಬ್ರವರಿಯಲ್ಲಿ ಹಿಟಾಚಿ ತಂದು ಇಪ್ಪತ್ತು ಅಡಿ ನೇರಕ್ಕೆ ಅಗೆದರೂ ಎಷ್ಟೋ ಕಡೆ ಗೋಡೆ ಬೆಲ್ಲದ ಅಚ್ಚು ಕೊಯ್ದ ಹಾಗೆ ನಿಲ್ಲುತ್ತದೆ. ಬಕೆಟ್ಟಿನ ಹಲ್ಲಿನ ಗೆರೆ ಕೂಡ ಅಳಿಸಿರುವುದಿಲ್ಲ. "ಗಟ್ಟಿ ಮಣ್ಣು ಸಾರ್, ಏನೂ ಆಗಲ್ಲ" ಅನ್ನುವ ಮಾತು ಹುಟ್ಟುವುದು ಇಲ್ಲೇ. ಆದರೆ ಆ ಗಟ್ಟಿತನದಲ್ಲಿ ದೊಡ್ಡ ಪಾಲು ಕಣಗಳ ನಡುವಿನ ಸ್ವಲ್ಪ ತೇವದ್ದು. ಮಕ್ಕಳು ಒದ್ದೆ ಮರಳಲ್ಲಿ ಕಾಲಿಟ್ಟು ಗೂಡು ಮಾಡುತ್ತಾರಲ್ಲ, ಹಾಗೆ. ನೀರು ಜಾಸ್ತಿಯಾದರೆ ಬಿಗಿ ಸಡಿಲವಾಗುತ್ತದೆ.

ಮೊದಲ ಸುಳಿವು ಗುಂಡಿಯೊಳಗೆ ಕಾಣುವುದಿಲ್ಲ, ಮೇಲೆ ಕಾಣುತ್ತದೆ. ಅಂಚಿನಿಂದ ಕೆಲವು ಅಡಿ ಹಿಂದೆ, ಅಂಚಿನ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು. ಮೇ ತಿಂಗಳ ಮಳೆ ಅದರೊಳಗೆ ಇಳಿದು, ಬೆಣೆ ಹೊಡೆದ ಹಾಗೆ ಮಣ್ಣನ್ನು ಮುಂದಕ್ಕೆ ತಳ್ಳುತ್ತದೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್‌ಗೂ ಹೆಚ್ಚು ತೂಗುತ್ತದೆ, ಅಂದರೆ ಸಣ್ಣ ಕಾರಿಗಿಂತ ಜಾಸ್ತಿ. ಕೆಳಗೆ ಕಂಬಿ ಕಟ್ಟುತ್ತಿರುವವರಿಗೆ ಓಡಲು ಸಮಯ ಸಿಗುವುದಿಲ್ಲ. ಎದೆಮಟ್ಟಕ್ಕೆ ಹೂತರೂ ಉಸಿರು ಕಟ್ಟಬಹುದು. ಆಳ ಎರಡು ಪಟ್ಟಾದರೆ ಬದಿಯ ಮೇಲಿನ ಒಟ್ಟು ಒತ್ತಡ ನಾಲ್ಕು ಪಟ್ಟಾಗುತ್ತದೆ ಅನ್ನುವುದನ್ನೂ ಮರೆಯಬಾರದು. ಒಂದು ಬೇಸ್‌ಮೆಂಟಿಗೆ ನಡೆದದ್ದು ಎರಡಕ್ಕೆ ನಡೆಯುವುದಿಲ್ಲ. ಹಳೆಯ ಕೆರೆಯಂಗಳದಲ್ಲಂತೂ ಇನ್ನೂ ಕಷ್ಟ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆ ಇದ್ದ ಜಾಗ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯದು. ಇಂಥ ಕಡೆ ಮೇಲೆ ತುಂಬಿಸಿದ ಮಣ್ಣು, ಕೆಳಗೆ ಕೆರೆಯ ಹೂಳು.

ಸಾಯಿಲ್ ನೇಲಿಂಗನ್ನು ಮೇಲಿನಿಂದ ಕೆಳಕ್ಕೆ, ಹಂತಹಂತವಾಗಿಯೇ ಮಾಡಬೇಕು. ನಾಲ್ಕೈದು ಅಡಿ ಅಗೆಯುವುದು, ಬದಿಗೆ ಸ್ವಲ್ಪ ಓರೆಯಾಗಿ ತೂತು ಕೊರೆದು ಸರಳು ಇಳಿಸುವುದು, ಸಿಮೆಂಟ್ ಹಾಲು ತುಂಬುವುದು, ಜಾಲರಿ ಕಟ್ಟಿ ಶಾಟ್‌ಕ್ರೀಟ್, ಅಂದರೆ ಪೈಪಿನಿಂದ ಜೋರಾಗಿ ಚಿಮ್ಮಿಸುವ ಕಾಂಕ್ರೀಟ್, ಎರಚುವುದು, ನೀರು ಹೊರಬರಲು ಪೈಪ್ ಬಿಡುವುದು. ಅದು ಬಿಗಿಯಾದ ಮೇಲೆ ಮುಂದಿನ ನಾಲ್ಕೈದು ಅಡಿ. ಹಿಟಾಚಿಗೆ ಗಂಟೆ ಲೆಕ್ಕದ ಬಾಡಿಗೆ. ಹಾಗಾಗಿ ಮೊದಲು ಪೂರ್ತಿ ಅಗೆದುಬಿಡೋಣ, ಸರಳು ಆಮೇಲೆ ನೋಡೋಣ ಅನ್ನಿಸುವುದು ಸಹಜ. ಅಪಾಯ ಇರುವುದು ಆ "ಆಮೇಲೆ"ಯಲ್ಲಿ.

ನಿಯಮ ಇಲ್ಲ ಅಂತಲ್ಲ. 1.5 ಮೀಟರಿಗಿಂತ ಆಳದ ಕಂದಕಕ್ಕೆ ಆಸರೆ ಕೊಡಬೇಕು ಎಂದು ಭಾರತೀಯ ಮಾನಕ ಐಎಸ್ 3764 ಹೇಳುತ್ತದೆ. ಕಟ್ಟಡ ಕಾರ್ಮಿಕರ ಸುರಕ್ಷತೆಗೆ 1996ರಲ್ಲೇ ಕಾಯ್ದೆ ಬಂದಿತ್ತು. ಆದರೆ ಮನೆ ಕಟ್ಟಿಸುವವರು ಪ್ಲಾನಿನಲ್ಲಿ ನೋಡುವುದು ಮುಗಿದ ಕಟ್ಟಡವನ್ನು. ಶೋರಿಂಗ್ ಕೆಲವೇ ತಿಂಗಳ ಕೆಲಸ, ಮುಗಿದ ಮೇಲೆ ಮಣ್ಣಲ್ಲಿ ಮುಚ್ಚಿಹೋಗುತ್ತದೆ. ಎಸ್ಟಿಮೇಟಿನಲ್ಲಿ ಮೊದಲು ಕತ್ತರಿ ಬೀಳುವುದು ಇಂಥ ಸಾಲಿಗೇ ಅಲ್ವಾ?

ಪಕ್ಕದ ಮನೆಯವರ ಕೈಯಲ್ಲಿರುವುದು ಹಳೆಯ ಉಪಾಯ ಒಂದೇ. ಗೋಡೆಯ ಬಿರುಕಿಗೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಮೇಲೆ ತಾರೀಖು ಬರೆಯುವುದು. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದು ಅರ್ಥ. ಇನ್ನೊಂದು ತೊಡಕೂ ಇದೆ. ಗುಂಡಿಯ ಬದಿಗೆ ಚುಚ್ಚಿದ ಸರಳು ಹೋಗುವುದು ಅವರದೇ ಸೈಟಿನ ಅಡಿಗೆ. ಒಪ್ಪಿಗೆ ಕೇಳಿದರೆ ಅವರು ಬೇಡ ಅನ್ನಬಹುದು, ಬೇಡ ಅಂದರೆ ಅವರ ಗೋಡೆಗೇ ಆಸರೆ ಕಡಿಮೆ. ಒಪ್ಪಿಕೊಂಡರೆ ಆ ಸರಳುಗಳು ಅಲ್ಲೇ ಉಳಿಯುತ್ತವೆ. ಹತ್ತು ವರ್ಷ ಬಿಟ್ಟು ಅವರೂ ಮನೆ ಕೆಡವಿ ಬೇಸ್‌ಮೆಂಟ್ ಅಗೆಸಿದಾಗ, ಹಿಟಾಚಿಯ ಬಕೆಟ್ಟಿಗೆ ಮೊದಲು ತಗುಲುವುದು ಅವೇ.