ಗುಡ್ಡಕ್ಕೆ 300 ಜನರ ಮಿತಿ ಸಾಲದು, ಜಾಡಿನ ನೀರನ್ನೂ ತಿರುಗಿಸಬೇಕು

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಜನ ಜಾತ್ರೆಯಂತೆ ಸೇರಿದ ಮೇಲೆ ಅರಣ್ಯ ಇಲಾಖೆ ಎಚ್ಚೆತ್ತಿತು. ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು, ಒಂದು ಜಾಡಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು. ಬೇಕಿತ್ತು, ಸರಿ. ಆದರೆ ಕುದುರೆಮುಖದಂಥ ಹುಲ್ಲುಗುಡ್ಡದಲ್ಲಿ ತಲೆ ಎಣಿಸಿದರಷ್ಟೇ ಸಾಲದು. ಅಲ್ಲಿ ಮಣ್ಣು ಕೊಚ್ಚುವುದು ಮಳೆನೀರು. ಬೂಟುಗಳು ಅದಕ್ಕೆ ದಾರಿ ಮಾಡಿಕೊಡುತ್ತವೆ.

ಪದೇ ಪದೇ ತುಳಿದಲ್ಲಿ ಹುಲ್ಲು ಸಾಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ. ಜಾಡು ನೇರ ಇಳಿಜಾರಿನಲ್ಲಿದ್ದರೆ ಅದೇ ಕಾಲುವೆಯಾಗಿ ಮೊಣಕಾಲುದ್ದದ ಕೊರಕಲು ಬೀಳುತ್ತದೆ. ಕೆಸರು ತಪ್ಪಿಸಲು ಚಾರಣಿಗರು ಪಕ್ಕದ ಹುಲ್ಲು ತುಳಿಯುತ್ತಾರೆ. ಅಲ್ಲಿ ಇನ್ನೊಂದು ಜಾಡು, ಮುಂದಿನ ಮಳೆಗೆ ಮತ್ತೊಂದು ಕೊರಕಲು.

ಇದಕ್ಕೆ ಮದ್ದು, ನೀರನ್ನು ಜಾಡಿನಿಂದ ಪಕ್ಕಕ್ಕೆ ತಿರುಗಿಸುವ ಕಲ್ಲಿನ ಅಡ್ಡಗಟ್ಟು. ಜಾಡಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಪ್ರತಿ ಕಲ್ಲಿನ ಮೂರರಲ್ಲಿ ಎರಡು ಪಾಲು ನೆಲದೊಳಗೆ ಹೂತು ಕಟ್ಟಬೇಕು. ನೆಟ್ಟಗೆ ಅಡ್ಡ ಇಟ್ಟರೆ ಹಿಂದೆ ಹೂಳು ತುಂಬಿ ನೀರು ಮೇಲೆ ಹಾರಿ ಹೋಗುತ್ತದೆ. ಕೆಳತುದಿ ಜಾಡಿನಂಚು ದಾಟಿ ಒಂದಡಿಯಾದರೂ ಚಾಚಿರಬೇಕು, ಇಲ್ಲವಾದರೆ ನೀರು ಸುತ್ತುಹಾಕಿ ಮತ್ತೆ ಜಾಡಿಗೇ ಬರುತ್ತದೆ. ಏರು ಕಡಿದಾದಷ್ಟೂ ಗಟ್ಟುಗಳು ಹತ್ತಿರ ಹತ್ತಿರ ಇರಲಿ. ಹೊಸ ಜಾಡು ತೆಗೆಯುವುದಾದರೆ ಅದರ ಏರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು, ಸರಾಸರಿ 100 ಅಡಿ ದೂರಕ್ಕೆ 10 ಅಡಿ ಏರು ಇರಲಿ. ಬಿಟ್ಟ ಜಾಡಿಗೆ ಒಣ ರೆಂಬೆ ಅಡ್ಡ ಹಾಸಿ, ಅಲ್ಲಿಯದೇ ಹುಲ್ಲಿನ ಹೆಂಟೆ ನೆಡಬೇಕು. ಹುಲ್ಲುಗಾವಲಿಗೆ ಸಸಿ ನೆಡುವ ಉತ್ಸಾಹ ಬೇಡ, ಅಕೇಸಿಯಾ ಅಂತೂ ಬೇಡವೇ ಬೇಡ.

ಗಟ್ಟು ಕಟ್ಟುವುದಕ್ಕಿಂತ ಪ್ರತಿ ದೊಡ್ಡ ಮಳೆಯ ನಂತರ ಹೂಳು ತೆಗೆಯುವುದೇ ಕಷ್ಟದ ಕೆಲಸ. ಹೊರಗಿನ ಗುತ್ತಿಗೆದಾರ ಅದಕ್ಕೆ ಬರುವುದಿಲ್ಲ. ಪ್ರವೇಶ ಶುಲ್ಕದ ಒಂದು ಪಾಲನ್ನು ಗ್ರಾಮ ಅರಣ್ಯ ಸಮಿತಿಗೆ ಕೊಟ್ಟರೆ, ಮಾರ್ಗದರ್ಶಿಗಳಾಗಿ ದುಡಿಯುವ ಊರ ಹುಡುಗರಿಗೇ ಆ ದಿನಗೂಲಿ ಸಿಗುತ್ತದೆ. ಎಲ್ಲಿ ಕುಸಿದಿದೆ ಎಂದು ಮೊದಲು ಗೊತ್ತಾಗುವುದೂ ಅವರಿಗೇ.

ಇನ್ನು ಶೌಚ. ಮಲೆನಾಡಿನ ಎಷ್ಟೋ ಮನೆಗಳಿಗೆ ಪೈಪಿನಲ್ಲಿ ಬರುವುದು ಮೇಲಿನ ಹಳ್ಳದ ನೀರು. ಹತ್ತುವ ಮೊದಲೇ ಬುಡದಲ್ಲಿ ಶೌಚಾಲಯ ಬಳಸಿ. ದಾರಿಯಲ್ಲಿ ಅನಿವಾರ್ಯವಾದರೆ ನೀರಿನಿಂದ 60 ಮೀಟರ್ ದೂರ ಹೋಗಿ, 15–20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚಿ. ವೆಟ್ ವೈಪ್ಸ್ ಹೂಳಬೇಡಿ, ಹೆಚ್ಚಿನವುಗಳಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ. ಜಿಪ್ ಚೀಲದಲ್ಲಿ ಹಾಕಿ ಕೆಳಗೆ ತನ್ನಿ.