ಕಾರ್ಡಿಯಾಕ್ ಕ್ಲಿಯರೆನ್ಸ್: ಆಪರೇಷನ್ನಿಗೆ ಮೊದಲು ಕೇಳುವ ‘ಹಾರ್ಟಿನ ಫಿಟ್‌ನೆಸ್’

ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಹರ್ನಿಯ, ಪೈಲ್ಸ್, ಕಣ್ಣಿನ ಪೊರೆಯಂತಹ ಸಣ್ಣ ಶಸ್ತ್ರಚಿಕಿತ್ಸೆಗೆಂದು ಬಂದವರಿಗೆ, ಹೃದಯದ ವಿದ್ಯುತ್ ಸಂಕೇತವನ್ನು ಕಾಗದಕ್ಕಿಳಿಸುವ ಇಸಿಜಿಯಲ್ಲಿ ಏನೋ ವ್ಯತ್ಯಾಸ ಕಂಡಿತೆಂದು, ‘ಹಾರ್ಟಿನ ಡಾಕ್ಟರರಿಂದ ಫಿಟ್‌ನೆಸ್ ಬರೆಸಿಕೊಂಡು ಬನ್ನಿ’ ಎಂದು ಹೇಳುವುದುಂಟು. ಅದುವರೆಗೆ ಹರ್ನಿಯದ ಚಿಂತೆ ಮಾತ್ರ ಇದ್ದ ಮನೆಯವರಿಗೆ ಆ ಕ್ಷಣದಿಂದ ಹೃದಯದ ಚಿಂತೆ ಹತ್ತಿಕೊಳ್ಳುತ್ತದೆ. ಆ ಫಿಟ್‌ನೆಸ್ಸಿನ ಇನ್ನೊಂದು ಹೆಸರೇ ಕಾರ್ಡಿಯಾಕ್ ಕ್ಲಿಯರೆನ್ಸ್. ಕ್ಲಿಯರೆನ್ಸ್ ಎಂದ ಕೂಡಲೇ ಪಂಚಾಯತಿನ ನಿರಾಕ್ಷೇಪಣಾ ಪತ್ರದಂತಹ ಒಂದು ಅನುಮತಿ ನೆನಪಾಗುತ್ತದೆ. ಆದರೆ ವೈದ್ಯರ ಲೆಕ್ಕದಲ್ಲಿ ಅದು ಅನುಮತಿಯೂ ಅಲ್ಲ, ಏನೂ ಆಗುವುದಿಲ್ಲವೆಂಬ ಭರವಸೆಯೂ ಅಲ್ಲ. ಇಂತಹ ಹೃದಯವುಳ್ಳ ಇವರಿಗೆ ಇಂತಹ ಶಸ್ತ್ರಚಿಕಿತ್ಸೆ ಮಾಡಿದರೆ ಅಪಾಯ ಎಷ್ಟು, ಅದನ್ನು ಇನ್ನಷ್ಟು ಇಳಿಸಲು ಏನು ಮಾಡಬಹುದು ಎಂಬ ಅಂದಾಜು ಅದು.

ಈ ಅಂದಾಜಿನಲ್ಲಿ ಹೃದಯದಷ್ಟೇ ತೂಕ ಶಸ್ತ್ರಚಿಕಿತ್ಸೆಗೂ ಇದೆ. ಅರಿವಳಿಕೆ ಕೊಟ್ಟಾಗ ರಕ್ತದೊತ್ತಡ ಇಳಿಯಬಹುದು, ನೋವಿನಿಂದ ನಾಡಿಬಡಿತ ಏರಬಹುದು, ರಕ್ತ ನಷ್ಟವಾದಷ್ಟೂ ಹೃದಯದ ಕೆಲಸ ಹೆಚ್ಚುತ್ತದೆ. ಹೊಟ್ಟೆ ತೆರೆದು ಮಾಡುವ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಇವೆಲ್ಲವೂ ಇರುತ್ತವೆ. ಕಣ್ಣಿಗೆ ಮದ್ದಿನ ಹನಿ ಬಿಟ್ಟು ಪೊರೆ ತೆಗೆಯುವಾಗ ಹೆಚ್ಚುಕಡಿಮೆ ಯಾವುದೂ ಇರುವುದಿಲ್ಲ. ಹೃದಯದ ತೊಂದರೆಯ ಸಂಭವ ಶೇಕಡಾ 1ಕ್ಕಿಂತ ಕಡಿಮೆ ಇರುವ ಶಸ್ತ್ರಚಿಕಿತ್ಸೆಗಳನ್ನು ಕಡಿಮೆ ಅಪಾಯದವು ಎಂದು ಪರಿಗಣಿಸುತ್ತಾರೆ. ಪೊರೆ ಮತ್ತು ತೊಡೆಸಂದಿನ ಹರ್ನಿಯ ಈ ಗುಂಪಿಗೆ ಸೇರುತ್ತವೆ. ಸುಮಾರು 19,000 ಪೊರೆ ಶಸ್ತ್ರಚಿಕಿತ್ಸೆಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು, ಇಸಿಜಿ ಮತ್ತು ರಕ್ತಪರೀಕ್ಷೆಗಳನ್ನು ವಾಡಿಕೆಯಂತೆ ಮಾಡಿಸಿದವರಿಗೂ ಮಾಡಿಸದವರಿಗೂ ತೊಡಕುಗಳ ಪ್ರಮಾಣದಲ್ಲಿ ವ್ಯತ್ಯಾಸವಿಲ್ಲವೆಂದು ತೋರಿಸಿತು. ಆದ್ದರಿಂದ ಒಂದೇ ಇಸಿಜಿ ಇಟ್ಟುಕೊಂಡು ಒಬ್ಬರಿಗೆ ಪೊರೆ ತೆಗೆಯಲು ಒಪ್ಪಿ, ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಇನ್ನಷ್ಟು ಪರೀಕ್ಷೆ ಕೇಳಿದರೆ ಅದರಲ್ಲಿ ವಿರೋಧಾಭಾಸವೇನೂ ಇಲ್ಲ.

ಬೆಳ್ತಂಗಡಿ ಕಡೆಯಲ್ಲಿ ಅಡಿಕೆ ತೋಟ ನೋಡಿಕೊಂಡಿರುವ ನಮ್ಮ ದೊಡ್ಡಪ್ಪನವರು ಹರ್ನಿಯಕ್ಕೆಂದು ಮಂಗಳೂರಿಗೆ ಹೋದಾಗ, ಇಸಿಜಿ ಕಾಗದದ ಮೇಲ್ಭಾಗದಲ್ಲಿ ‘ಅಬ್‌ನಾರ್ಮಲ್’ ಎಂದೂ ಅದರ ಕೆಳಗೆ ‘ರೈಟ್ ಬಂಡಲ್ ಬ್ರಾಂಚ್ ಬ್ಲಾಕ್’ ಎಂದೂ ಅಚ್ಚಾಗಿತ್ತು. ಹಾಗೆ ಅಚ್ಚು ಹಾಕುವುದು ಯಂತ್ರವೇ ಹೊರತು ವೈದ್ಯರಲ್ಲ ಎಂಬುದು ನಮಗೆ ಆಗ ಗೊತ್ತಿರಲಿಲ್ಲ. ‘ಹಾರ್ಟಿನಲ್ಲಿ ಬ್ಲಾಕ್ ಉಂಟಂತೆ’ ಎಂಬ ಸುದ್ದಿ ಅವರು ಮನೆ ಮುಟ್ಟುವ ಮೊದಲೇ ಊರು ಮುಟ್ಟಿತು. ಕಿರಿದಾದ ರಕ್ತನಾಳವನ್ನು ತೆರೆದಿಡಲು ಹಾಕುವ ಸ್ಟೆಂಟಿಗೆ ಎಷ್ಟು ಖರ್ಚಾದೀತೆಂದು ದೊಡ್ಡಮ್ಮ ಆ ರಾತ್ರಿಯಿಡೀ ಲೆಕ್ಕ ಹಾಕಿದರು. ಈ ಒಂದು ಪದದಿಂದಾಗುವ ಗಾಬರಿ ಸಣ್ಣದಲ್ಲವಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ದಿನಬಳಕೆಯಲ್ಲಿ ಬ್ಲಾಕ್ ಎನ್ನುವುದು ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ಕೊಬ್ಬು ಕಟ್ಟಿಕೊಂಡು ಆಗುವ ಅಡಚಣೆಗೆ. ಇಸಿಜಿಯ ಬ್ಲಾಕ್ ಅದಲ್ಲ. ಹೃದಯವನ್ನು ಮಿಡಿಸುವ ವಿದ್ಯುತ್ ಸಂಕೇತವು ಎಡ ಮತ್ತು ಬಲ ಎಂಬ ಎರಡು ಕವಲುಗಳಲ್ಲಿ ಹರಿಯುತ್ತದೆ; ಬಲಗವಲಿನಲ್ಲಿ ಅದು ಸಾಗದಿದ್ದರೆ ಅಥವಾ ತಡವಾದರೆ ಈ ಹೆಸರು. ಬೇರೆ ಯಾವ ಹೃದ್ರೋಗವೂ ಇಲ್ಲದವರಲ್ಲಿ ಇದು ಕಾಣಿಸಿಕೊಳ್ಳುವುದು ಅಪರೂಪವಲ್ಲ. ಎಡಗವಲಿನ ಬ್ಲಾಕ್ ಹೊಸದಾಗಿ ಕಂಡರೆ ಮಾತ್ರ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ. ಅಬ್‌ನಾರ್ಮಲ್ ಎಂಬುದನ್ನು ರೋಗದ ಹೆಸರೆಂದು ತಿಳಿಯದೆ, ಉತ್ತರ ಹುಡುಕಬೇಕಾದ ಒಂದು ಪ್ರಶ್ನೆಯೆಂದು ತಿಳಿಯುವುದೇ ಸರಿ.

ಆ ಉತ್ತರದ ಬಹುಪಾಲು ಸಿಗುವುದು ಯಂತ್ರದಿಂದಲ್ಲ, ಮಾತಿನಿಂದ. ಎದೆನೋವು, ಏದುಸಿರು, ತಲೆಸುತ್ತಿ ಬಿದ್ದದ್ದು ಇದೆಯೇ, ಎರಡು ಮಹಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತಲು ಆಗುತ್ತದೆಯೇ ಎಂದು ವೈದ್ಯರು ಕೇಳುತ್ತಾರೆ. ಕದ್ರಿ ದೇವಸ್ಥಾನದಿಂದ ಜೋಗಿ ಮಠಕ್ಕೆ ಹೋಗುವ ಮೆಟ್ಟಿಲುಗಳನ್ನು ನಡುವೆ ಕೂರದೆ ಏರುವವರ ಹೃದಯ ಸಣ್ಣ ಶಸ್ತ್ರಚಿಕಿತ್ಸೆಯ ಶ್ರಮವನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. 1999ರಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿರುವ ಒಂದು ಸೂಚ್ಯಂಕವು ಅಪಾಯ ಅಂದಾಜಿಸಲು ಆರು ಸಂಗತಿಗಳನ್ನು ಎಣಿಸುತ್ತದೆ: ಹೃದಯದ ರಕ್ತನಾಳದ ಕಾಯಿಲೆ, ಹೃದಯ ವೈಫಲ್ಯ, ಹಿಂದೆ ಆದ ಪಾರ್ಶ್ವವಾಯು, ಇನ್ಸುಲಿನ್ ಬೇಕಾಗುವ ಮಧುಮೇಹ, ರಕ್ತದ ಡೆಸಿಲೀಟರಿಗೆ 2 ಮಿಲಿಗ್ರಾಂ ಮೀರಿದ ಕ್ರಿಯಾಟಿನಿನ್ (ಮೂತ್ರಪಿಂಡ ಸೋತಿರುವುದರ ಗುರುತು) ಮತ್ತು ಶಸ್ತ್ರಚಿಕಿತ್ಸೆಯೇ ದೊಡ್ಡದಾಗಿರುವುದು. ಹೃದಯದಲ್ಲಿ ಅಸಹಜ ಸದ್ದು ಕೇಳಿದರೆ ಅಥವಾ ಕಾರಣ ತಿಳಿಯದ ಏದುಸಿರು ಇದ್ದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುತ್ತಾರೆ. ನಡೆಸುತ್ತಾ ಇಸಿಜಿ ನೋಡುವ ಟ್ರೆಡ್‌ಮಿಲ್ ಪರೀಕ್ಷೆಯಾಗಲಿ ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಾಂ ಆಗಲಿ ಸಣ್ಣ ಶಸ್ತ್ರಚಿಕಿತ್ಸೆಯ ಸಲುವಾಗಿಯೇ ಎಲ್ಲರಿಗೂ ಬೇಕಾದವಲ್ಲ.

ಹಳೆಯ ಇಸಿಜಿಯ ಬೆಲೆ ನಮಗೆ ತಿಳಿದದ್ದು ಇಲ್ಲಿಯೇ. ಹೃದಯ ತಜ್ಞರು ಮೊದಲು ಕೇಳಿದ್ದು ‘ಹಿಂದಿನದ್ದು ಉಂಟಾ?’ ಎಂದು. ಆರು ವರ್ಷದ ಹಿಂದೆ ಜ್ವರಕ್ಕೆ ದಾಖಲಾಗಿದ್ದಾಗ ತೆಗೆದ ಇಸಿಜಿಯನ್ನು ದೊಡ್ಡಮ್ಮ ಕಪಾಟಿನಿಂದ ಹುಡುಕಿ ಕೊಟ್ಟರು, ಅದರಲ್ಲೂ ಅದೇ ಬದಲಾವಣೆ ಇತ್ತು. ಆರು ವರ್ಷದಿಂದ ಬದಲಾಗದೆ ಉಳಿದಿರುವ, ಯಾವ ಲಕ್ಷಣವನ್ನೂ ಕೊಡದ ಬಲಗವಲಿನ ಬ್ಲಾಕ್ ಹರ್ನಿಯದ ಶಸ್ತ್ರಚಿಕಿತ್ಸೆಗೆ ಅಡ್ಡಿಯಲ್ಲವೆಂದು ತಜ್ಞರು ಬರೆದುಕೊಟ್ಟರು. ಬಿಸಿಲಿಗೆ ಅಚ್ಚು ಮಾಸುವ ಆ ಕಾಗದದ ಒಂದು ಫೋಟೋ ಮೊಬೈಲಿನಲ್ಲಿದ್ದರೂ ಸಾಕು.

ಮುಂದೂಡಲೇಬೇಕಾದ ಸಂದರ್ಭಗಳೂ ಇವೆ, ಅವನ್ನು ಹಗುರವಾಗಿ ಕಾಣಬಾರದು. ಕುಳಿತಲ್ಲೇ ಬರುವ ಎದೆನೋವು, ಹತೋಟಿಗೆ ಬಾರದ ಹೃದಯ ವೈಫಲ್ಯ, ಹೃದಯದಿಂದ ಮೈಗೆಲ್ಲ ರಕ್ತ ಹೊರಡುವಲ್ಲಿರುವ ಮಹಾಪಧಮನಿಯ ಕವಾಟ ತೀವ್ರವಾಗಿ ಕಿರಿದಾಗಿರುವುದು ಇದ್ದರೆ ಮೊದಲು ಚಿಕಿತ್ಸೆ ಅವಕ್ಕೆ. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸದವರು, ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಕನಿಷ್ಠ 60 ದಿನವಾದರೂ ಕಾಯುವುದು ಒಳ್ಳೆಯದು. ಮದ್ದು ಲೇಪಿಸಿದ ಸ್ಟೆಂಟ್ ಇದ್ದರೆ ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತಕ್ಕೆಂದು ಹಾಕಿದ್ದಾದರೆ ಒಂದು ವರ್ಷದವರೆಗೂ ಕಾಯಲು ಹೇಳುತ್ತಾರೆ. ಅದಕ್ಕೆ ಮೊದಲೇ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ‘ಆಪರೇಷನ್ ಅಲ್ವಾ, ರಕ್ತದ ಮಾತ್ರೆ ಬೇಡ’ ಎಂದು ಮನೆಯಲ್ಲೇ ತೀರ್ಮಾನಿಸುವುದು ಜೀವಕ್ಕೇ ಕುತ್ತಾಗಬಹುದು. ಯಾವುದನ್ನು, ಯಾವ ದಿನದಿಂದ ನಿಲ್ಲಿಸಬೇಕೆಂಬುದನ್ನು ಹೃದಯ ತಜ್ಞರಿಂದಲೇ ಬರೆಸಿಕೊಳ್ಳಬೇಕು. ಬೀಟಾ ಬ್ಲಾಕರ್ ಗುಂಪಿನ ಬಿಪಿ ಮಾತ್ರೆಯನ್ನೂ ಹಠಾತ್ತನೆ ಬಿಡುವಂತಿಲ್ಲ.

ಫಿಟ್‌ನೆಸ್ ಬರೆದ ಕಾಗದವು ಬರೆದ ದಿನದ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಅದು ಕೈಗೆ ಬಂದ ಮೇಲೆ ಶಸ್ತ್ರಚಿಕಿತ್ಸೆಯ ದಿನದೊಳಗೆ ಎದೆನೋವೋ ಹೊಸ ಏದುಸಿರೋ ಕಾಣಿಸಿಕೊಂಡರೆ, ದಿನ ತಪ್ಪಿಹೋದೀತೆಂದು ಮುಚ್ಚಿಡದೆ ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು. ಅಂದಾಜನ್ನು ಅವರು ಮತ್ತೆ ಮೊದಲಿನಿಂದ ಮಾಡುತ್ತಾರೆ.