ಸಂಡೂರಿನ ಗಣಿ ವಿಸ್ತರಣೆ: ಟನ್ನಿನ ಲೆಕ್ಕ, ರಸ್ತೆಯ ಲೆಕ್ಕ

ಬಳ್ಳಾರಿ ಜಿಲ್ಲೆಯ ಸಂಡೂರು ಭಾಗದಲ್ಲಿ ಗಣಿ ವಿಸ್ತರಣೆಯ ಮಾತು ಬಂದಾಗಲೆಲ್ಲ ಮೊದಲು ಕೆಲಸ, ಆಮೇಲೆ ನೀರು, ಕೊನೆಗೆ ರಸ್ತೆಯ ವಿಷಯಕ್ಕೆ ಬಂದು ಚರ್ಚೆ ಸಿಕ್ಕಿಕೊಳ್ಳುತ್ತದೆ. ವರ್ಷಕ್ಕೆ ಎಷ್ಟು ಲಕ್ಷ ಟನ್ ಹೆಚ್ಚಾಗಲಿದೆ ಎಂಬುದು ಕಡತದ ಮೊದಲ ಪುಟದಲ್ಲೇ ಸಿಗುತ್ತದೆ. ಆ ಅದಿರು ಯಾವ ಊರಿನ ಶಾಲೆ ಮುಂದೆ ಹಾಯುತ್ತದೆ, ಯಂತ್ರಗಳ ಡೀಸೆಲ್ ಎಲ್ಲಿ ಇಡುತ್ತಾರೆ ಎಂಬುದನ್ನು ಮಾತ್ರ ಪುಟ ತಿರುವಿ ಹುಡುಕಬೇಕು.

ಈ ಬೆಟ್ಟಗಳಲ್ಲಿ ಅಗೆತ ಹೊಸದಲ್ಲ. ಕಳೆದ ಶತಮಾನದ ಆರಂಭದಲ್ಲಿ ಮ್ಯಾಂಗನೀಸ್, 1970ರ ದಶಕದಲ್ಲಿ ದೋಣಿಮಲೈ ಕಬ್ಬಿಣದ ಗಣಿ, 1990ರ ದಶಕದಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಅಲ್ಲಿಯವರೆಗೆ ಅದಿರಿನ ದೊಡ್ಡ ಪಾಲು ರೈಲಿನ ಜೊತೆ ಹೊಂದಿಕೊಂಡೇ ಬೆಳೆದಿತ್ತು.

2003ರ ನಂತರ ಚೀನಾದಿಂದ ಬೇಡಿಕೆ ಏರಿತು. ಬೆಲೆಯೂ ಅದರ ಬೆನ್ನಿಗೇ ಏರಿತು. ಎತ್ತಿನ ಗಾಡಿ, ಬಸ್ಸುಗಳಿಗೆ ಮಾಡಿದ್ದ ರಸ್ತೆಗಳ ಮೇಲೆ ಹತ್ತು ಗಾಲಿಯ ಲಾರಿಗಳು ಸಾಲುಗಟ್ಟಿದವು. ಸಂಡೂರು–ಹೊಸಪೇಟೆ ದಾರಿಯಲ್ಲಿ ಆ ದಿನಗಳಲ್ಲಿ ಓಡಾಡಿದವರಿಗೆ ಅದನ್ನು ವಿವರಿಸಬೇಕಿಲ್ಲ. ಚಹಾದ ಹೋಟೆಲಿನವರು ಹಾಲಿನ ಪಾತ್ರೆಯ ಮೇಲೆ ಒದ್ದೆ ಬಟ್ಟೆ ಹೊದಿಸಿಡುತ್ತಿದ್ದರು. ಗಂಟೆಯೊಳಗೆ ಅದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಬಿಳಿ ಹತ್ತಿ ಗಿಡದಲ್ಲೇ ಕೆಂಪಾಗುತ್ತಿತ್ತು. ಬಸ್ಸಿನಲ್ಲಿ ಕೂತವರು ಕಿಟಕಿ ಮುಚ್ಚಿ, ಸೆರಗನ್ನೋ ಟವೆಲನ್ನೋ ಮೂಗಿಗೆ ಹಿಡಿದುಕೊಂಡೇ ಊರು ತಲುಪುತ್ತಿದ್ದರು. ತಾಡಪಲ್ ಸರಿಯಾಗಿ ಕಟ್ಟದ, ಮಿತಿ ಮೀರಿ ತುಂಬಿದ ಲಾರಿ ಗುಂಡಿಗೆ ಇಳಿದಾಗ ಅದಿರಿನ ಹೆಂಟೆ ಹಿಂದಿದ್ದ ಬೈಕಿನವರ ಮುಂದೆ ಉರುಳುತ್ತಿತ್ತು. ರಸ್ತೆ ಅಗಲ ಮಾಡುವ ಮುನ್ನವೇ ಪರ್ಮಿಟ್ ಅಗಲವಾಗಿತ್ತು. ಅದರ ಬೆಲೆ ತೆತ್ತವರು ಗಣಿಯಲ್ಲಿ ಪಾಲಿಲ್ಲದ ಜನ ಎಂಬುದನ್ನು ಹೇಳದೆ ಈ ಕಥೆ ಮುಂದುವರಿಯುವುದಿಲ್ಲ.

ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ವರದಿಗಳು 2008 ಮತ್ತು 2011ರಲ್ಲಿ ಬಂದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಷರತ್ತುಗಳೊಡನೆ ಬಾಗಿಲು ತೆರೆಯಿತು. ನಿಯಮ ಎಷ್ಟು ಮುರಿದಿದ್ದಾರೆ ಎಂಬುದರ ಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅತಿ ಹೆಚ್ಚು ಮುರಿದಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿ, ಬಳ್ಳಾರಿಯ ಅದಿರಿಗೆ ವರ್ಷಕ್ಕೆ 2.5 ಕೋಟಿ ಟನ್ ಮಿತಿ ಹಾಕಿತು. ಆ ಮಿತಿ 2017ರಲ್ಲಿ 2.8 ಕೋಟಿಗೆ, 2022ರಲ್ಲಿ 3.5 ಕೋಟಿ ಟನ್ನಿಗೆ ಏರಿತು.

3.5 ಕೋಟಿ ಟನ್ನನ್ನು ಲಾರಿಗೆ 20 ಟನ್ನಿನಂತೆ, ವರ್ಷದ 365 ದಿನವೂ ಸಾಗಿಸಿದರೆ ದಿನಕ್ಕೆ ಸುಮಾರು 4,800 ಲೋಡು. ಖಾಲಿ ಮರಳುವುದನ್ನೂ ಸೇರಿಸಿದರೆ 9,600 ಓಡಾಟ. ಒಂದು ಗೂಡ್ಸ್ ರೈಲು ಹೊರುವ ಅಂದಾಜು 4,000 ಟನ್ ಎಂದರೆ 200 ಲಾರಿ ಲೋಡು. ಕನ್ವೇಯರ್ (ಅದಿರು ಸಾಗಿಸುವ ಉದ್ದನೆಯ ಚಲಿಸುವ ಪಟ್ಟಿ) ಮತ್ತು ರೈಲ್ವೆ ಸೈಡಿಂಗ್‌ಗಾಗಿ (ಸರಕು ತುಂಬುವ ಪಕ್ಕದ ಹಳಿ) ಒತ್ತಾಯ ಕೇಳಿಬರುತ್ತಿರುವುದು ಇದಕ್ಕೇ. ಆದರೆ ಕನ್ವೇಯರ್ ಹಾಯುವ ದಾರಿಯಲ್ಲಿ ಅರಣ್ಯವಿದೆ, ಜಮೀನಿದೆ. ಅದರ ಅನುಮತಿಗೆ ಬೇರೆಯದೇ ಕಡತ. ಉತ್ಪಾದನೆಯ ಕಡತ ಬೇಗ ಹೊರಬರುತ್ತದೆ, ಸಾಗಣೆಯದು ಹಿಂದುಳಿಯುತ್ತದೆ. ನಡುವಿನ ವರ್ಷಗಳಲ್ಲಿ ಲಾರಿಯೇ ಗತಿ.

ಗಣಿಯ ಒಳಗಿನ ರಸ್ತೆಗೆ ನಿಯಮ ಸ್ಪಷ್ಟವಾಗಿದೆ. ಹದಿನಾರು ಅಡಿ ಹೋದರೆ ಒಂದಡಿಗಿಂತ ಹೆಚ್ಚು ಏರಬಾರದು ಎಂಬುದು ಸಾಮಾನ್ಯ ಮಟ್ಟ. ಪ್ರಪಾತದ ಕಡೆಗೆ ಮಣ್ಣಿನ ದಂಡೆ ಇರಲೇಬೇಕು. ಗೇಟು ದಾಟಿದ ಕೂಡಲೇ ಅದೇ ಅದಿರಿಗೆ ಊರಿನ ರಸ್ತೆ ಸಾಕೆಂದು ಹೇಗೆ ಒಪ್ಪುವುದು?

ಇನ್ನು ಡೀಸೆಲ್. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಒಂದೆಡೆ 2,500 ಲೀಟರ್‌ವರೆಗೆ, ಯಾವ ಪಾತ್ರೆಯೂ 1,000 ಲೀಟರ್ ಮೀರದಂತೆ ಇಟ್ಟರೆ ಲೈಸೆನ್ಸ್ ಬೇಕಿಲ್ಲ. ಇದು ಸಣ್ಣ ಬಳಕೆಗೆ ಸರಿ. ಆದರೆ ಗಣಿಯೊಳಗೆ 100 ಟನ್ ಹೊರುವ ದೈತ್ಯ ಲಾರಿಯ, ಅಂದರೆ ಒಂದು ಡಂಪರಿನ ಟ್ಯಾಂಕೇ ಸಾವಿರ ಲೀಟರ್ ಹಿಡಿಯುತ್ತದೆ. ಡಂಪರುಗಳ ಸಂಖ್ಯೆ ಹೆಚ್ಚಿದಂತೆ ಟ್ಯಾಂಕು ದೊಡ್ಡದಾಗಬೇಕು. ಸೋರಿದರೆ ಹಿಡಿದಿಡುವ ಕಟ್ಟೆ, ಬೆಂಕಿ ಆರಿಸುವ ನೊರೆ, ಟ್ಯಾಂಕರ್ ತಿರುಗಲು ಜಾಗ ಎಲ್ಲವೂ ಅದರೊಡನೆ ಬರಬೇಕು. ಬಂಡೆ ಸಿಡಿಸುವ ಮಿಶ್ರಣದಲ್ಲೂ ಅಮೋನಿಯಂ ನೈಟ್ರೇಟ್ ಜೊತೆ ನೂರಕ್ಕೆ ಆರು ಪಾಲು ಡೀಸೆಲ್ ಇರುತ್ತದೆ. ಹಾಗಾಗಿ ಇಂಧನದ ಟ್ಯಾಂಕಿಗೂ ಸ್ಫೋಟಕದ ಉಗ್ರಾಣಕ್ಕೂ ನಡುವಿನ ಅಂತರ ಬಿಟ್ಟುಕೊಡುವ ವಿಷಯವೇ ಅಲ್ಲ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಕಲ್ಲುಗಣಿಗೆಂದು ತಂದಿದ್ದ ಸ್ಫೋಟಕ ಸಿಡಿದು ಜೀವಗಳು ಹೋದವು.

ಡೀಸೆಲ್ ಟ್ಯಾಂಕರೂ ಸ್ಫೋಟಕದ ವ್ಯಾನೂ ಅದಿರಿನ ಲಾರಿಯೂ ಮೇಲೆ ಹತ್ತುವುದು ಹೆಚ್ಚಿನ ಕಡೆ ಒಂದೇ ದಾರಿಯಲ್ಲಿ. ಘಾಟಿಯ ತಿರುವಿನಲ್ಲಿ ಒಂದು ಲಾರಿ ಆಕ್ಸಲ್ ಮುರಿದು ಅಡ್ಡ ನಿಂತರೆ, ಕೆಳಗಿನಿಂದ ಬರುವ ಅಗ್ನಿಶಾಮಕ ವಾಹನಕ್ಕೂ ಆಂಬುಲೆನ್ಸಿಗೂ ಬೇರೆ ದಾರಿ ಯಾವುದು ಎಂದು ಆ ಊರುಗಳ ಜನ ಇಂದಿಗೂ ಕೇಳುತ್ತಿದ್ದಾರೆ.